ಗರ್ಭಕ್ಕೆ ಸೂಜಿ ಹಾಕದೆ ವರ್ಣತಂತು ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ತಿಂಗಳ ಸ್ಕ್ಯಾನಿಂಗ್‌ಗೆ ಹೋದ ಗರ್ಭಿಣಿಯ ಕೈಗೆ ಇಂದು ಸ್ಕ್ಯಾನ್ ವರದಿಯ ಜೊತೆಗೆ ರಕ್ತಪರೀಕ್ಷೆಯ ಒಂದು ಚೀಟಿಯೂ ಬರುತ್ತದೆ. ಅದರಲ್ಲಿ ಡಬಲ್ ಮಾರ್ಕರ್ ಎಂದೋ ಎನ್‌ಐಪಿಟಿ ಎಂದೋ ಬರೆದಿರುತ್ತದೆ. ರಕ್ತ ಕೊಟ್ಟು ಮನೆಗೆ ಬಂದವರು ವಾರದ ನಂತರ ವರದಿ ತೆರೆದು ನೋಡಿದಾಗ, ಅಲ್ಲಿರುವ ಅಂಕಿಗಳ ಅರ್ಥ ತಿಳಿಯದೆ ಗಾಬರಿಯಾಗುತ್ತಾರೆ, ಇಲ್ಲವೇ ಸಲ್ಲದ ಧೈರ್ಯ ತಂದುಕೊಳ್ಳುತ್ತಾರೆ. ದಂಪತಿಗಳು ಆನುವಂಶಿಕ ಸಮಾಲೋಚನೆಗೆ ಬಂದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇವುಗಳಲ್ಲಿ ಒಂದು ಮಾತನ್ನು ಮಾತ್ರ ಯಾರೂ ಮರೆಯಬಾರದೆಂದು ನನ್ನ ಕೋರಿಕೆ: ತಾಯಿಯ ರಕ್ತದಿಂದ ಮಾಡುವ ಯಾವ ಪರೀಕ್ಷೆಯೂ ಸಂಶಯ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ರೋಗವನ್ನು ನಿರ್ಣಯಿಸುವುದಿಲ್ಲ, ಆದ್ದರಿಂದ ಅದೊಂದನ್ನೇ ನಂಬಿ ಗರ್ಭದ ವಿಷಯದಲ್ಲಿ ಹಿಂತಿರುಗಲಾಗದ ತೀರ್ಮಾನ ತೆಗೆದುಕೊಳ್ಳಬಾರದು.

ವರ್ಣತಂತುಗಳ ತೊಂದರೆ ಎಂದರೆ ಏನು?

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ ಕ್ರೋಮೋಸೋಮ್‌ಗಳು, 23 ಜೋಡಿಗಳಾಗಿ ಇರುತ್ತವೆ. ಈ ಸಂಖ್ಯೆ ಸರಿಯಾಗಿ ಗೊತ್ತಾದದ್ದೇ 1956ರಲ್ಲಿ. ಮೂರು ವರ್ಷಗಳ ನಂತರ, 1959ರಲ್ಲಿ, ಪ್ಯಾರಿಸ್ಸಿನ ಜೆರೋಮ್ ಲೆಜ್ಯೂನ್ ಮತ್ತು ಸಹೋದ್ಯೋಗಿಗಳು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದನ್ನು ತೋರಿಸಿಕೊಟ್ಟರು. ಹೀಗೆ ಒಂದು ಹೆಚ್ಚಾಗಿರುವುದನ್ನು ಟ್ರೈಸೋಮಿ ಎನ್ನುತ್ತಾರೆ. 18ನೆಯದು ಹೆಚ್ಚಾದರೆ ಎಡ್ವರ್ಡ್ಸ್ ಸಿಂಡ್ರೋಮ್, 13ನೆಯದು ಹೆಚ್ಚಾದರೆ ಪಟೌ ಸಿಂಡ್ರೋಮ್. ಇವೆರಡರಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆ. ಡೌನ್ ಸಿಂಡ್ರೋಮ್ ಹಾಗಲ್ಲ. ಬುದ್ಧಿ ಬೆಳವಣಿಗೆ ನಿಧಾನವಾದರೂ, ಹೃದಯದ ತೊಂದರೆಗೆ ಚಿಕಿತ್ಸೆ ಸಿಕ್ಕ ಅನೇಕರು ಐವತ್ತು ಅರವತ್ತು ವರ್ಷ ಬದುಕುತ್ತಾರೆ. ಈ ವ್ಯತ್ಯಾಸ ಮುಂದಿನ ಎಲ್ಲ ಮಾತುಕತೆಗೂ ಮುಖ್ಯವಾದುದರಿಂದ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ನಮ್ಮ ಎರಡೂ ಕಡೆಯ ಮನೆತನಗಳಲ್ಲಿ ಯಾರಿಗೂ ಇಲ್ಲ. ಆದರೂ ಪರೀಕ್ಷೆ ಏಕೆ?

ಡೌನ್ ಸಿಂಡ್ರೋಮ್‌ನ ನೂರರಲ್ಲಿ ಸುಮಾರು 95 ಪ್ರಸಂಗಗಳು ವಂಶದಿಂದ ಬಂದವಲ್ಲ. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಒಂದು ಜೋಡಿ ಬೇರೆಯಾಗದೆ ಒಟ್ಟಿಗೇ ಉಳಿದುಬಿಟ್ಟರೆ ಹೀಗಾಗುತ್ತದೆ, ಮತ್ತು ಇದು ಬಹುಪಾಲು ಅಂಡದಲ್ಲಿ ನಡೆಯುತ್ತದೆ. ತಾಯಿಯ ವಯಸ್ಸು ಏರಿದಂತೆ ಸಾಧ್ಯತೆಯೂ ಏರುತ್ತದೆ: ಇಪ್ಪತ್ತರ ಹರೆಯದಲ್ಲಿ ಸುಮಾರು 1,500 ಹೆರಿಗೆಗಳಿಗೆ ಒಂದು ಇದ್ದದ್ದು 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು ಆಗುತ್ತದೆ. ಹಾಗೆಂದು ಚಿಕ್ಕ ವಯಸ್ಸಿನ ತಾಯಂದಿರು ನಿಶ್ಚಿಂತರಾಗಿರುವಂತಿಲ್ಲ. ನಮ್ಮಲ್ಲಿ ಹೆರುವವರಲ್ಲಿ ಬಹುಪಾಲು 35ಕ್ಕಿಂತ ಚಿಕ್ಕವರೇ ಆದ್ದರಿಂದ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದೂ ಅವರ ಮಡಿಲಲ್ಲೇ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದು, ಪರಂಗಿ ಹಣ್ಣು ತಿಂದದ್ದು, ಸ್ಕೂಟರಿನಲ್ಲಿ ಓಡಾಡಿದ್ದು, ಇವು ಯಾವುವೂ ವರ್ಣತಂತುಗಳ ಸಂಖ್ಯೆಯನ್ನು ಬದಲಿಸುವುದಿಲ್ಲ. ಗರ್ಭ ನಿಂತ ಗಳಿಗೆಯಲ್ಲೇ ಅದು ನಿರ್ಧಾರವಾಗಿರುತ್ತದೆ. ಮನೆಯಲ್ಲಿ ಯಾರಾದರೂ ಸೊಸೆಯ ಮೇಲೆ ಈ ಹೊರೆ ಹೊರಿಸುತ್ತಿದ್ದರೆ, ಅದನ್ನು ವೈದ್ಯರ ಬಾಯಿಂದಲೇ ಅವರಿಗೆ ಹೇಳಿಸಿ.

ಮೊದಲು ಇದನ್ನು ಹೇಗೆ ಪತ್ತೆ ಮಾಡುತ್ತಿದ್ದರು? ಬೇರೆ ದಾರಿ ಏಕೆ ಬೇಕಾಯಿತು?

ಮಗುವಿನ ವರ್ಣತಂತು ನೋಡಬೇಕಾದರೆ ಮಗುವಿನ ಜೀವಕೋಶ ಬೇಕು. ಅದಕ್ಕಾಗಿ ತಾಯಿಯ ಹೊಟ್ಟೆಯ ಮೂಲಕ ತೆಳುವಾದ ಸೂಜಿ ಇಳಿಸಿ, ಮಗುವಿನ ಸುತ್ತ ಇರುವ ನೀರನ್ನು ತೆಗೆಯುವ ಆಮ್ನಿಯೋಸೆಂಟಿಸಿಸ್ ಕ್ರಮ 1960ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂತು. ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ, ಚೂರು ಅಂಗಾಂಶ ತೆಗೆಯುವ ಸಿವಿಎಸ್ ಎಂಬ ಕ್ರಮ ಆ ಮೇಲೆ ಬಂತು. ಎರಡರಲ್ಲೂ ಗರ್ಭಪಾತದ ಅಪಾಯ ಸ್ವಲ್ಪ ಇದ್ದೇ ಇದೆ. ಡೆನ್ಮಾರ್ಕಿನಲ್ಲಿ 4,600ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನ ಈ ಅಪಾಯವನ್ನು ನೂರಕ್ಕೆ ಒಂದರಷ್ಟು ಎಂದು ತೋರಿಸಿತು. ಆರೋಗ್ಯವಂತ ಗರ್ಭ ಹೊತ್ತ ನೂರು ಜನರಲ್ಲಿ ಒಬ್ಬರು ಪರೀಕ್ಷೆಯ ಕಾರಣದಿಂದಲೇ ಮಗುವನ್ನು ಕಳೆದುಕೊಳ್ಳುವುದಾದರೆ, ಎಲ್ಲರಿಗೂ ಸೂಜಿ ಹಾಕಲಾಗದು. ಹಾಗಾಗಿ ಯಾರಿಗೆ ಸೂಜಿಯ ಅಗತ್ಯವಿದೆ ಎಂದು ಮೊದಲು ಸೋಸುವ ವಿಧಾನಗಳು ಬೇಕಾದವು.

ಡಬಲ್ ಮಾರ್ಕರ್, ಎನ್‌ಟಿ ಸ್ಕ್ಯಾನ್, ಕ್ವಾಡ್ರುಪಲ್ ಇವೆಲ್ಲ ಒಂದೇ ಬಗೆಯವೇ?

ಉದ್ದೇಶ ಒಂದೇ, ಸಮಯ ಮತ್ತು ಬಲ ಬೇರೆ. 11ರಿಂದ 13 ವಾರ 6 ದಿನಗಳ ಒಳಗೆ ಸ್ಕ್ಯಾನಿನಲ್ಲಿ ಮಗುವಿನ ಕುತ್ತಿಗೆಯ ಹಿಂಭಾಗದ ಚರ್ಮದಡಿ ಇರುವ ನೀರಿನ ಪದರದ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಇದೇ ಎನ್‌ಟಿ. ಅದೇ ವೇಳೆಗೆ ತಾಯಿಯ ರಕ್ತದಲ್ಲಿ ಪ್ಯಾಪ್-ಎ ಮತ್ತು ಫ್ರೀ ಬೀಟಾ ಎಚ್‌ಸಿಜಿ ಎಂಬ ಎರಡು ವಸ್ತುಗಳ ಪ್ರಮಾಣ ನೋಡುವುದು ಡಬಲ್ ಮಾರ್ಕರ್. ವಯಸ್ಸು, ಸ್ಕ್ಯಾನ್, ರಕ್ತ ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೆ ಡೌನ್ ಸಿಂಡ್ರೋಮ್‌ನ ನೂರು ಗರ್ಭಗಳಲ್ಲಿ 85ರಿಂದ 90 ಸಿಕ್ಕಿಬೀಳುತ್ತವೆ. ಆದರೆ ಯಾವ ತೊಂದರೆಯೂ ಇಲ್ಲದ ನೂರು ಜನರಲ್ಲಿ ಸುಮಾರು ಐವರಿಗೆ ವೃಥಾ ‘ಹೈ ರಿಸ್ಕ್’ ಎಂದು ಬರುತ್ತದೆ. ನಾಲ್ಕನೆಯ ಐದನೆಯ ತಿಂಗಳಿನಲ್ಲಿ ತಾಯಿಯ ರಕ್ತದ ನಾಲ್ಕು ವಸ್ತುಗಳನ್ನು ನೋಡುವ ಕ್ವಾಡ್ರುಪಲ್ ಪರೀಕ್ಷೆ ಇದಕ್ಕಿಂತ ಸ್ವಲ್ಪ ಕಡಿಮೆ ಹಿಡಿಯುತ್ತದೆ, ತಡವಾಗಿಯೂ ಬರುತ್ತದೆ. ಮೂರನೆಯ ತಿಂಗಳು ಕೈತಪ್ಪಿದವರಿಗೆ ಮಾತ್ರ ಅದು ಸೂಕ್ತ.

ವರದಿಯಲ್ಲಿ ‘1:180’ ಎಂದು ಕೆಂಪು ಅಕ್ಷರದಲ್ಲಿ ಬಂದಿದೆ. ಮಗುವಿಗೆ ತೊಂದರೆ ಇದೆ ಎಂದೇ ಅರ್ಥವೇ?

ಇಲ್ಲ. ನಿಮ್ಮಂತೆಯೇ ವರದಿ ಬಂದ 180 ಗರ್ಭಿಣಿಯರನ್ನು ಒಂದು ಕಲ್ಯಾಣಮಂಟಪದಲ್ಲಿ ಕೂಡಿಸಿದರೆ, ಅವರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು, ಉಳಿದ 179 ಮಂದಿಯ ಮಕ್ಕಳಿಗೆ ಇರುವುದಿಲ್ಲ ಎಂದು ಅದರ ಅರ್ಥ. ಅನೇಕ ಪ್ರಯೋಗಾಲಯಗಳು 1:250 ಎಂಬಲ್ಲಿ ಗೆರೆ ಎಳೆದಿರುವುದರಿಂದ ಬಲಗಡೆಯ ಅಂಕಿ ಅದಕ್ಕಿಂತ ಚಿಕ್ಕದಾದದ್ದು ಕೆಂಪಿನಲ್ಲಿ ಮುದ್ರಣವಾಗುತ್ತದೆ, ಅಷ್ಟೇ. ಸಮಾಲೋಚನೆಗೆ ಬರುವವರಲ್ಲಿ ಅನೇಕರು 1:1800 ಎಂಬ ವರದಿಯನ್ನು ‘ಅಂಕಿ ದೊಡ್ಡದು, ಅಪಾಯವೂ ದೊಡ್ಡದು’ ಎಂದು ಓದಿಕೊಂಡು ಅತ್ತಿರುತ್ತಾರೆ. ಎಡಗಡೆಯ ಒಂದನ್ನು ಎಷ್ಟು ಜನರ ನಡುವೆ ಹಂಚಿದ್ದಾರೆ ಎಂದು ನೋಡಬೇಕು. ಬಲಗಡೆಯ ಅಂಕಿ ದೊಡ್ಡದಾದಷ್ಟೂ ಅಪಾಯ ಚಿಕ್ಕದು.

ಗಾಬರಿಯಾಗುವ ಮೊದಲು ವರದಿಯ ಮೇಲ್ಭಾಗವನ್ನು ಒಮ್ಮೆ ಓದಿ. ಅಲ್ಲಿ ಹುಟ್ಟಿದ ದಿನಾಂಕ, ತೂಕ, ಸ್ಕ್ಯಾನಿನ ದಿನ, ಮಗುವಿನ ಉದ್ದ, ಸಕ್ಕರೆ ಕಾಯಿಲೆ, ಐವಿಎಫ್ ಮುಂತಾದ ವಿವರಗಳಿರುತ್ತವೆ, ಮತ್ತು ಯಂತ್ರ ಲೆಕ್ಕ ಹಾಕುವುದು ಇವನ್ನು ಆಧರಿಸಿಯೇ. ತೂಕವನ್ನು ಆ ದಿನ ನೋಡದೆ ತಾಯಿ ಕಾರ್ಡಿನಲ್ಲಿದ್ದ ಹಳೆಯ ಅಂಕಿಯನ್ನು ಬರೆದಿದ್ದರೆ, ಅಥವಾ ವಾರವನ್ನು ಸ್ಕ್ಯಾನಿನಿಂದ ಲೆಕ್ಕ ಹಾಕದೆ ನೆನಪಿನಲ್ಲಿದ್ದ ಮುಟ್ಟಿನ ದಿನಾಂಕದಿಂದ ಹಾಕಿದ್ದರೆ, ಫಲಿತಾಂಶವೇ ಬದಲಾಗಬಹುದು. ತಪ್ಪು ಕಂಡರೆ ತಿದ್ದಿಸಿ ಮರುಲೆಕ್ಕ ಮಾಡಿಕೊಡಲು ಕೇಳಿ. ಅದಕ್ಕೆ ಮತ್ತೆ ರಕ್ತ ಕೊಡಬೇಕಾಗಿಲ್ಲ.

ಎನ್‌ಐಪಿಟಿ ಎಂದರೇನು? ತಾಯಿಯ ತೋಳಿನ ರಕ್ತದಲ್ಲಿ ಮಗುವಿನ ವಿಷಯ ಹೇಗೆ ತಿಳಿಯುತ್ತದೆ?

ತಾಯಿಯ ರಕ್ತದಲ್ಲಿರುವ ವರ್ಣತಂತುಗಳ ಡಿಎನ್‌ಎ ಚೂರುಗಳನ್ನು ಎಣಿಸಿ ನೋಡುವ ಪರೀಕ್ಷೆಯೇ ಎನ್‌ಐಪಿಟಿ. ಮಾಸಿನ ಜೀವಕೋಶಗಳು ಬಸಿರಿನುದ್ದಕ್ಕೂ ಸಾಯುತ್ತಾ ಹುಟ್ಟುತ್ತಾ ಇರುತ್ತವೆ. ಸತ್ತ ಕೋಶಗಳ ಡಿಎನ್‌ಎ ಸಣ್ಣ ಸಣ್ಣ ಚೂರುಗಳಾಗಿ ತಾಯಿಯ ರಕ್ತಕ್ಕೆ ಸೇರುತ್ತದೆ ಮತ್ತು ಹೆರಿಗೆಯಾದ ಮೇಲೆ ಬೇಗನೆ ಮಾಯವಾಗುತ್ತದೆ. ಇದನ್ನು ಮೊದಲು ತೋರಿಸಿದವರು ಹಾಂಗ್‌ಕಾಂಗಿನ ವಿಜ್ಞಾನಿ ಡೆನ್ನಿಸ್ ಲೋ. ರೋಗಿಯ ರಕ್ತದಲ್ಲಿ ಕ್ಯಾನ್ಸರ್ ಗಡ್ಡೆಯ ಡಿಎನ್‌ಎ ಸಿಗುತ್ತದೆ ಎಂಬ ವರದಿಗಳನ್ನು ಓದಿದ ಅವರಿಗೆ, ಗಡ್ಡೆಗಿಂತ ಎಷ್ಟೋ ದೊಡ್ಡದಾಗಿ ಬೆಳೆಯುವ ಮಗುವಿನ ಡಿಎನ್‌ಎ ತಾಯಿಯ ರಕ್ತದಲ್ಲಿ ಏಕೆ ಸಿಗಬಾರದು ಎಂಬ ಯೋಚನೆ ಬಂತು. ರಕ್ತದ ನೀರಿನಂಥ ಭಾಗವಾದ ಪ್ಲಾಸ್ಮಾದಿಂದ ಡಿಎನ್‌ಎ ತೆಗೆಯಲು, ವಿದ್ಯಾರ್ಥಿ ದಿನಗಳಲ್ಲಿ ನೂಡಲ್ಸ್ ಬೇಯಿಸಿದಂತೆ ಅದನ್ನು ಐದು ನಿಮಿಷ ಕುದಿಸಿ ನೋಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಗಂಡುಮಗು ಹೊತ್ತ ತಾಯಂದಿರ ಪ್ಲಾಸ್ಮಾದಲ್ಲಿ, ಗಂಡಿನಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ಚೂರುಗಳು ಸಿಕ್ಕವು. ಅದು 1997ರಲ್ಲಿ ಪ್ರಕಟವಾಯಿತು. 2008ರಲ್ಲಿ ಹಾಂಗ್‌ಕಾಂಗಿನ ಲೋ ಅವರ ತಂಡ ಮತ್ತು ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಸ್ಟೀಫನ್ ಕ್ವೇಕ್ ಅವರ ತಂಡ, ಇಂಥ ಲಕ್ಷಾಂತರ ಚೂರುಗಳನ್ನು ಓದಿ ಎಣಿಸಿದರೆ ಡೌನ್ ಸಿಂಡ್ರೋಮ್ ಗುರುತಿಸಬಹುದೆಂದು ಬೇರೆ ಬೇರೆಯಾಗಿ ತೋರಿಸಿದವು. 2011ರಲ್ಲಿ ಪರೀಕ್ಷೆ ಆಸ್ಪತ್ರೆಗಳಿಗೆ ಬಂತು. ಈ ಕೆಲಸಕ್ಕಾಗಿ ಲೋ ಅವರಿಗೆ 2022ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಸಂದಿತು.

ಎಣಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಹತ್ತು ವಾರ ದಾಟಿದ ಗರ್ಭಿಣಿಯ ಪ್ಲಾಸ್ಮಾದ ಡಿಎನ್‌ಎಯಲ್ಲಿ ನೂರಕ್ಕೆ ಸುಮಾರು 90 ಚೂರುಗಳು ಆಕೆಯವೇ, ಹತ್ತು ಮಾಸಿನವು ಎಂದುಕೊಳ್ಳಿ. 21ನೆಯ ವರ್ಣತಂತುವಿನ ಚೂರುಗಳು ಆ ಲೆಕ್ಕದಲ್ಲಿ ನೂರು ಇರಬೇಕು. ಮಗುವಿನಲ್ಲಿ 21ನೆಯದು ಎರಡರ ಬದಲು ಮೂರಿದ್ದರೆ ಅದರ ಪಾಲಿನ ಹತ್ತು ಹದಿನೈದಾಗುತ್ತದೆ, ಒಟ್ಟು ನೂರು ನೂರೈದಾಗುತ್ತದೆ. ಪರೀಕ್ಷೆ ಹಿಡಿಯಬೇಕಾದದ್ದು ಈ ಐದರ ವ್ಯತ್ಯಾಸವನ್ನು. ಕೆಲವೇ ಚೂರುಗಳನ್ನು ಎಣಿಸಿದರೆ ಇದು ಆಕಸ್ಮಿಕವೋ ನಿಜವೋ ತಿಳಿಯದು, ಲಕ್ಷಗಟ್ಟಲೆ ಎಣಿಸಿದಾಗಲೇ ವ್ಯತ್ಯಾಸ ಎದ್ದು ಕಾಣುತ್ತದೆ. ನಿಮ್ಮ ಪಾಲಿಗೆ ಇದು ಸುಮಾರು ಹತ್ತು ಮಿಲಿಲೀಟರ್ ರಕ್ತ ಕೊಡುವ ಕೆಲಸ ಮಾತ್ರ. ಖಾಲಿ ಹೊಟ್ಟೆ ಬೇಕಿಲ್ಲ. ವರದಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಬರುತ್ತದೆ.

‘ಶೇಕಡ 99 ನಿಖರ’ ಎನ್ನುತ್ತಾರೆ. ಹಾಗಾದರೆ ಹೈ ರಿಸ್ಕ್ ಬಂದರೆ ಶೇಕಡ 99 ಖಚಿತವಲ್ಲವೇ?

ಈ ಪ್ರಶ್ನೆಗೆ ತಪ್ಪು ಉತ್ತರ ನಂಬಿಕೊಂಡವರಿಂದಲೇ ದೊಡ್ಡ ಅನಾಹುತಗಳು ಆಗುವುದರಿಂದ, ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಡೌನ್ ಸಿಂಡ್ರೋಮ್ ಇರುವ ನೂರು ಗರ್ಭಗಳಲ್ಲಿ ಸುಮಾರು 99ನ್ನು ಎನ್‌ಐಪಿಟಿ ಹಿಡಿಯುತ್ತದೆ ಎಂಬುದು ನಿಜ. ತೊಂದರೆಯಿಲ್ಲದ ಸಾವಿರ ಗರ್ಭಗಳಲ್ಲಿ ಸುಮಾರು ಒಂದನ್ನು ಅದು ತಪ್ಪಾಗಿ ಹೈ ರಿಸ್ಕ್ ಎನ್ನುತ್ತದೆ ಎಂಬುದೂ ನಿಜ. ಈಗ ಸಾವಿರಕ್ಕೆ ಒಂದು ಸಾಧ್ಯತೆ ಇರುವ 10,000 ಗರ್ಭಿಣಿಯರನ್ನು ಪರೀಕ್ಷಿಸಿದೆವು ಎಂದುಕೊಳ್ಳಿ. ಅವರಲ್ಲಿ ನಿಜವಾಗಿ ತೊಂದರೆ ಇರುವ ಹತ್ತು ಗರ್ಭಗಳು ಸಿಕ್ಕವು. ಉಳಿದ 9,990ರಲ್ಲಿ ಸಾವಿರಕ್ಕೊಂದರಂತೆ ಇನ್ನೂ ಹತ್ತು ತಪ್ಪಾಗಿ ಸಿಕ್ಕವು. ಹೈ ರಿಸ್ಕ್ ವರದಿ ಕೈಯಲ್ಲಿ ಹಿಡಿದವರು ಇಪ್ಪತ್ತು ಜನ, ನಿಜವಾಗಿ ತೊಂದರೆ ಇರುವವರು ಹತ್ತೇ ಜನ. ಅಂದರೆ ಅರ್ಧಕ್ಕರ್ಧ.

ಅದೇ 40 ವರ್ಷದ 10,000 ಗರ್ಭಿಣಿಯರಾದರೆ ನೂರು ಗರ್ಭಗಳಲ್ಲಿ ತೊಂದರೆ ಇರುತ್ತದೆ, 99 ಸಿಗುತ್ತವೆ, ತಪ್ಪಾಗಿ ಸಿಗುವವು ಮತ್ತೆ ಸುಮಾರು ಹತ್ತು. ಇಲ್ಲಿ ಹೈ ರಿಸ್ಕ್ ಎಂದರೆ ನೂರಕ್ಕೆ 90ರಷ್ಟು ಸಾಧ್ಯತೆ. ಪರೀಕ್ಷೆ ಅದೇ, ಯಂತ್ರ ಅದೇ, ವರದಿಯ ಅಕ್ಷರವೂ ಅದೇ. ಆದರೆ ಇಬ್ಬರು ತಾಯಂದಿರಿಗೆ ಅದರ ಅರ್ಥ ಬೇರೆ. 18 ಮತ್ತು 13ನೆಯ ಟ್ರೈಸೋಮಿಗಳು ಇನ್ನೂ ಅಪರೂಪವಾದ್ದರಿಂದ ಅವುಗಳ ಹೈ ರಿಸ್ಕ್ ವರದಿಗಳಲ್ಲಿ ಸುಳ್ಳಾಗುವ ಪಾಲು ಇನ್ನೂ ಹೆಚ್ಚು. ಹಾಗೆಂದು ಪರೀಕ್ಷೆಯನ್ನು ಹಳಿಯುವಂತಿಲ್ಲ. ಮೊದಲ ಗುಂಪಿಗೆ ಡಬಲ್ ಮಾರ್ಕರ್ ಮಾಡಿದ್ದರೆ ಎಂಟೊಂಬತ್ತು ಮಕ್ಕಳನ್ನು ಹುಡುಕಲು ಸುಮಾರು 500 ತಾಯಂದಿರನ್ನು ಸೂಜಿಯ ಬಾಗಿಲಿಗೆ ಕಳಿಸಬೇಕಾಗುತ್ತಿತ್ತು. ಎನ್‌ಐಪಿಟಿ ಅದನ್ನು ಇಪ್ಪತ್ತಕ್ಕೆ ಇಳಿಸಿದೆ.

ಮಗುವಿಗೆ ಏನೂ ಇಲ್ಲದಿದ್ದರೂ ತಪ್ಪಾಗಿ ಬರುವುದು ಹೇಗೆ?

ಓದುತ್ತಿರುವ ಡಿಎನ್‌ಎ ಮಾಸಿನದು ಎಂಬುದೇ ಮುಖ್ಯ ಕಾರಣ. ಮಾಸೂ ಮಗುವೂ ಒಂದೇ ಅಂಡದಿಂದ ಬೆಳೆದರೂ ಕೆಲವೊಮ್ಮೆ ಮಾಸಿನ ಕೋಶಗಳಲ್ಲಿ ಮಾತ್ರ ವರ್ಣತಂತು ಹೆಚ್ಚಾಗಿದ್ದು ಮಗು ಸರಿಯಾಗಿಯೇ ಇರುತ್ತದೆ. ಅವಳಿಯಾಗಿ ನಿಂತು ಒಂದು ಮೊದಲೇ ಕರಗಿಹೋಗಿದ್ದರೆ, ಹೋದ ಗರ್ಭದ ಡಿಎನ್‌ಎ ಕೆಲವು ವಾರ ರಕ್ತದಲ್ಲಿ ಉಳಿದು ಗೊಂದಲ ಉಂಟುಮಾಡಬಹುದು. ತಾಯಿಯ ಸ್ವಂತ ಕೋಶಗಳಲ್ಲಿ, ಮುಖ್ಯವಾಗಿ ಎಕ್ಸ್ ವರ್ಣತಂತುವಿನಲ್ಲಿ, ಆಕೆಗೇ ತಿಳಿಯದ ಸಣ್ಣ ವ್ಯತ್ಯಾಸವಿರಬಹುದು. ಬಹಳ ಅಪರೂಪವಾಗಿ ತಾಯಿಯ ದೇಹದಲ್ಲಿ ಅಡಗಿರುವ ಕ್ಯಾನ್ಸರ್ ಗಡ್ಡೆಯ ಡಿಎನ್‌ಎಯೂ ವಿಚಿತ್ರ ವರದಿಗೆ ಕಾರಣವಾದದ್ದುಂಟು.

‘ಲೋ ರಿಸ್ಕ್’ ಬಂದಿದೆ. ಇನ್ನು ಯಾವ ಸ್ಕ್ಯಾನೂ ಬೇಡವಲ್ಲವೇ?

ಬೇಕು. ಸಾಮಾನ್ಯ ಎನ್‌ಐಪಿಟಿ ನೋಡುವುದು ಮೂರು ವರ್ಣತಂತುಗಳನ್ನು, ಹೆಚ್ಚೆಂದರೆ ಲಿಂಗ ನಿರ್ಧರಿಸುವ ಎಕ್ಸ್ ವೈಗಳ ಸಂಖ್ಯೆಯನ್ನು. ಹೃದಯದ ರಂಧ್ರ, ಸೀಳುತುಟಿ, ಬೆನ್ನುಹುರಿಯ ದೋಷ, ಮೂತ್ರಪಿಂಡದ ತೊಂದರೆ ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. 18ರಿಂದ 20 ವಾರಗಳ ನಡುವೆ ಮಗುವಿನ ಅಂಗಾಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನನ್ನು ಯಾವ ಕಾರಣಕ್ಕೂ ಬಿಡಬೇಡಿ.

ನಮ್ಮ ಕಡೆಯವರು ಇನ್ನೊಂದನ್ನೂ ತಿಳಿದಿರಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಕರ್ನಾಟಕದ ಅನೇಕ ಮನೆತನಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಇಂಥ ಸಂಬಂಧಗಳಲ್ಲಿ ಹೆಚ್ಚಾಗುವುದು ತಾಯಿ ತಂದೆ ಇಬ್ಬರೂ ಒಂದೇ ದೋಷಯುಕ್ತ ಜೀನನ್ನು ಹೊತ್ತಿರುವುದರಿಂದ ಬರುವ ಕಾಯಿಲೆಗಳು: ಥಲಸ್ಸೀಮಿಯಾ, ಕೆಲವು ಬಗೆಯ ಹುಟ್ಟು ಕಿವುಡುತನ, ಸ್ನಾಯು ಕ್ಷಯಿಸುವ ಎಸ್‌ಎಂಎ ಮುಂತಾದವು. ಎನ್‌ಐಪಿಟಿ ವರ್ಣತಂತುಗಳನ್ನು ಎಣಿಸುತ್ತದೆಯೇ ಹೊರತು ಜೀನುಗಳ ಒಳಗಿನ ತಪ್ಪನ್ನು ಓದುವುದಿಲ್ಲ. ಆದ್ದರಿಂದ ಲೋ ರಿಸ್ಕ್ ವರದಿ ಹಿಡಿದು ‘ರಕ್ತಸಂಬಂಧದ ಭಯ ಕಳೆಯಿತು’ ಎಂದುಕೊಂಡರೆ ಅದು ಪೂರ್ತಿ ತಪ್ಪು. ಅದಕ್ಕೆ ದಂಪತಿಗಳ ವಾಹಕ ಪರೀಕ್ಷೆ ಬೇರೆಯೇ ಇದೆ. ಕುಟುಂಬದಲ್ಲಿ ಹಿಂದೆ ತೀರಿಕೊಂಡ ಮಗು ಇದ್ದರೆ ಆ ಮಗುವಿನ ಕಾಗದಪತ್ರಗಳೊಂದಿಗೆ ಗರ್ಭ ನಿಲ್ಲುವ ಮೊದಲೇ ಸಮಾಲೋಚನೆಗೆ ಬನ್ನಿ.

‘ಫಲಿತಾಂಶ ಇಲ್ಲ’ ಎಂದು ವರದಿ ಬಂದಿದೆ. ಇದರ ಅರ್ಥವೇನು?

ಮಾಸಿನ ಡಿಎನ್‌ಎ ಪಾಲು ತೀರಾ ಕಡಿಮೆ, ಸಾಮಾನ್ಯವಾಗಿ ಶೇಕಡ 4ಕ್ಕಿಂತ ಕಡಿಮೆ ಇದ್ದರೆ, ಅನೇಕ ಪ್ರಯೋಗಾಲಯಗಳು ಉತ್ತರ ಕೊಡುವುದಿಲ್ಲ. ಹತ್ತು ವಾರ ತುಂಬುವ ಮೊದಲೇ ರಕ್ತ ಕೊಟ್ಟಿದ್ದರೆ, ತಾಯಿಯ ತೂಕ ಹೆಚ್ಚಿದ್ದರೆ ಹೀಗಾಗುತ್ತದೆ. ಒಮ್ಮೆ ಮತ್ತೆ ರಕ್ತ ಕೊಟ್ಟು ನೋಡಬಹುದು. ಆದರೆ 18 ಮತ್ತು 13ನೆಯ ಟ್ರೈಸೋಮಿಗಳಲ್ಲಿ ಮಾಸೇ ಚಿಕ್ಕದಾಗಿರುವುದರಿಂದಲೂ ಪಾಲು ಕಡಿಮೆಯಾಗುತ್ತದೆ. ಆದ್ದರಿಂದ ಫಲಿತಾಂಶ ಬಾರದಿರುವುದನ್ನು ‘ಏನೂ ಇಲ್ಲ’ ಎಂದು ತಿಳಿಯದೆ ವಿವರವಾದ ಸ್ಕ್ಯಾನ್ ಮಾಡಿಸಿ ವೈದ್ಯರೊಡನೆ ಮುಂದಿನ ಹೆಜ್ಜೆ ಮಾತನಾಡಿ.

ಯಾರು ಎನ್‌ಐಪಿಟಿ ಬಿಟ್ಟು ನೇರವಾಗಿ ಸೂಜಿಯ ಪರೀಕ್ಷೆಗೇ ಹೋಗುವುದು ಒಳ್ಳೆಯದು?

ಎನ್‌ಟಿ 3.5 ಮಿಲಿಮೀಟರ್ ಅಥವಾ ಹೆಚ್ಚಾಗಿದ್ದರೆ, ಸ್ಕ್ಯಾನಿನಲ್ಲಿ ಮಗುವಿನ ಅಂಗಾಂಗದ ದೋಷ ಕಂಡಿದ್ದರೆ, ತಾಯಿ ಅಥವಾ ತಂದೆಯ ವರ್ಣತಂತುಗಳಲ್ಲಿ ಸ್ಥಾನಪಲ್ಲಟ, ಅಂದರೆ ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುವುದು, ಮೊದಲೇ ಗೊತ್ತಿದ್ದರೆ, ಎನ್‌ಐಪಿಟಿಗೆ ಕಾದು ಹತ್ತು ದಿನ ಕಳೆಯುವುದು ಸರಿಯಲ್ಲ. ಇಂಥ ಗರ್ಭಗಳಲ್ಲಿ ಈ ಪರೀಕ್ಷೆಗೆ ಕಾಣದ ಸಣ್ಣ ಪ್ರಮಾಣದ ವರ್ಣತಂತು ನಷ್ಟಗಳೂ ಇರಬಹುದು, ಅವನ್ನು ಮೈಕ್ರೋಅರೇ ಎಂಬ ವಿಧಾನದಿಂದ ಮಗುವಿನ ಕೋಶಗಳಲ್ಲೇ ನೋಡಬೇಕು. ಹಣ ಉಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ದಿನ ಉಳಿಯುತ್ತದೆ.

ಆಮ್ನಿಯೋಸೆಂಟಿಸಿಸ್ ಎಂದರೆ ತುಂಬಾ ಭಯ. ನಿಜಕ್ಕೂ ಹೇಗಿರುತ್ತದೆ?

15 ವಾರ ತುಂಬಿದ ಮೇಲೆ ಮಾಡುತ್ತಾರೆ. ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿಸಿ, ಹೊಟ್ಟೆಯನ್ನು ತಣ್ಣನೆಯ ಔಷಧಿಯಿಂದ ಒರೆಸಿ, ಪರದೆಯ ಮೇಲೆ ಮಗು ಎಲ್ಲಿದೆ, ನೀರು ಎಲ್ಲಿ ಹೆಚ್ಚಿದೆ ಎಂದು ನೋಡಿಕೊಂಡು ಸೂಜಿ ಇಳಿಸುತ್ತಾರೆ. ಸೂಜಿಯ ತುದಿ ಪರದೆಯಲ್ಲಿ ಬಿಳಿ ಗೆರೆಯಂತೆ ಉದ್ದಕ್ಕೂ ಕಾಣುತ್ತಿರುತ್ತದೆ. ತಿಳಿ ಹಳದಿ ಬಣ್ಣದ 15ರಿಂದ 20 ಮಿಲಿಲೀಟರ್ ನೀರು ಸಿರಿಂಜಿಗೆ ಬರುತ್ತದೆ. ಸೂಜಿ ಒಳಗಿರುವುದು ಒಂದೆರಡು ನಿಮಿಷ ಮಾತ್ರ. ಹೆಚ್ಚಿನವರು ಇದನ್ನು ಇಂಜೆಕ್ಷನ್ ನೋವು ಮತ್ತು ಮುಟ್ಟಿನ ಹೊಟ್ಟೆನೋವಿನಂಥ ಹಿಡಿತ ಎಂದು ವರ್ಣಿಸುತ್ತಾರೆ. ತೆಗೆದ ನೀರನ್ನು ದೇಹ ಮತ್ತೆ ತುಂಬಿಕೊಳ್ಳುತ್ತದೆ. ಒಂದೆರಡು ದಿನ ಭಾರ ಎತ್ತದೆ ವಿಶ್ರಾಂತಿ ಸಾಕು. ನೀರು ಸೋರಿದರೆ, ಜ್ವರ ಅಥವಾ ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತದ ಗುಂಪು ನೆಗೆಟಿವ್ ಇರುವವರು ಅದನ್ನು ಮೊದಲೇ ಹೇಳಬೇಕು, ಅವರಿಗೆ ಆಂಟಿ-ಡಿ ಇಂಜೆಕ್ಷನ್ ಅಗತ್ಯವಾಗುತ್ತದೆ.

1986ರ ನೂರಕ್ಕೊಂದು ಎಂಬ ಅಂಕಿ ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಈಗ ಸೂಜಿಯ ದಾರಿಯನ್ನು ಸ್ಪಷ್ಟ ಸ್ಕ್ಯಾನಿನಲ್ಲಿ ಉದ್ದಕ್ಕೂ ನೋಡುತ್ತಾ ನುರಿತ ಕೈಗಳು ಮಾಡಿದಾಗ ಹೆಚ್ಚುವರಿ ಅಪಾಯ ಸಾವಿರಕ್ಕೆ ಒಂದರಿಂದ ಮೂರರಷ್ಟು ಎಂದು ಈಚಿನ ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ. ಅರ್ಧಕ್ಕರ್ಧ ಸುಳ್ಳಾಗಬಹುದಾದ ವರದಿಯೊಂದಿಗೆ ಉಳಿದ ತಿಂಗಳುಗಳನ್ನು ಕಳೆಯುವುದಕ್ಕಿಂತ, ಅಥವಾ ಅದನ್ನೇ ನಂಬಿ ಆರೋಗ್ಯವಂತ ಮಗುವನ್ನು ಕಳೆದುಕೊಳ್ಳುವುದಕ್ಕಿಂತ, ಈ ಅಪಾಯ ಎಷ್ಟೋ ಚಿಕ್ಕದು ಎಂದು ನಾನು ನಂಬುತ್ತೇನೆ.

ಅವಳಿ ಗರ್ಭ ಅಥವಾ ಐವಿಎಫ್ ಗರ್ಭವಾದರೆ?

ಅವಳಿಗಳಲ್ಲೂ ಡೌನ್ ಸಿಂಡ್ರೋಮ್‌ಗೆ ಎನ್‌ಐಪಿಟಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಹೈ ರಿಸ್ಕ್ ಬಂದರೆ ಯಾವ ಮಗು ಎಂದು ರಕ್ತ ಹೇಳುವುದಿಲ್ಲ. ಬೇರೆಯವರ ಅಂಡದಿಂದ ಗರ್ಭ ನಿಂತಿದ್ದರೆ ಅದನ್ನು ಮುಚ್ಚಿಡದೆ ತಿಳಿಸಿ. ಕೆಲವು ಬಗೆಯ ಎನ್‌ಐಪಿಟಿ ಇಂಥ ಗರ್ಭಕ್ಕೆ ಹೊಂದುವುದಿಲ್ಲ, ಡಬಲ್ ಮಾರ್ಕರ್ ಲೆಕ್ಕಕ್ಕೆ ಅಂಡ ಕೊಟ್ಟವರ ವಯಸ್ಸು ಬೇಕು.

ಹೆಚ್ಚು ಹಣ ಕೊಟ್ಟರೆ ‘ಎಲ್ಲ ವರ್ಣತಂತು, ಮೈಕ್ರೋಡಿಲೀಶನ್’ ಸೇರಿಸಿ ನೋಡುತ್ತಾರಂತೆ. ಮಾಡಿಸಬೇಕೇ?

ಸಾಮಾನ್ಯ ಗರ್ಭಿಣಿಗೆ ನಾನು ಸಲಹೆ ಮಾಡುವುದಿಲ್ಲ. ಮೈಕ್ರೋಡಿಲೀಶನ್ ಎಂದರೆ ವರ್ಣತಂತುವಿನ ಒಂದು ಸಣ್ಣ ಚೂರು ಇಲ್ಲದಿರುವುದು. ಇಂಥ ಕಾಯಿಲೆಗಳು ಬಹಳ ಅಪರೂಪ. ಅಪರೂಪದ್ದನ್ನು ಹುಡುಕಿದಷ್ಟೂ ಹೈ ರಿಸ್ಕ್ ವರದಿಗಳಲ್ಲಿ ಸುಳ್ಳಿನ ಪಾಲು ಏರುತ್ತದೆ ಎಂಬುದನ್ನು ಮೇಲೆ ನೋಡಿದೆವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಏಪ್ರಿಲ್‌ನಲ್ಲಿ ಇದೇ ವಿಷಯವಾಗಿ ಸಾರ್ವಜನಿಕರನ್ನು ಎಚ್ಚರಿಸಿ, ಈ ಪರೀಕ್ಷೆಗಳ ಫಲಿತಾಂಶವನ್ನು ಖಚಿತಪಡಿಸಿಕೊಳ್ಳದೆ ಗರ್ಭದ ಬಗ್ಗೆ ತೀರ್ಮಾನ ಮಾಡಬಾರದೆಂದು ಹೇಳಿತು.

ಪರೀಕ್ಷೆಯಲ್ಲಿ ಗಂಡೋ ಹೆಣ್ಣೋ ತಿಳಿಯುತ್ತದೆಯೇ?

ಯಂತ್ರಕ್ಕೆ ತಿಳಿಯುತ್ತದೆ, ಆದರೆ ನಿಮಗೆ ಹೇಳುವಂತಿಲ್ಲ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಭಾರತದಲ್ಲಿ ಮಗುವಿನ ಲಿಂಗವನ್ನು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಿಳಿಸುವುದು ಅಪರಾಧ, ಅದಕ್ಕಾಗಿ ಪರೀಕ್ಷೆ ಕೇಳುವುದೂ ಅಪರಾಧ. ಗರ್ಭಿಣಿಯನ್ನು ಗಂಡ ಅಥವಾ ಬಂಧುಗಳು ಒತ್ತಾಯಿಸಿದ್ದಾರೆ ಎಂದೇ ಕಾನೂನು ಮೊದಲು ಭಾವಿಸುತ್ತದೆ. ಹೆಣ್ಣುಮಕ್ಕಳನ್ನು ಗರ್ಭದಲ್ಲೇ ಕಳೆದುಕೊಂಡ ಸಮಾಜದಲ್ಲಿ ಈ ನಿರ್ಬಂಧ ಅತ್ಯಗತ್ಯ. ಇದೇ ಕಾಯ್ದೆ ನಿಮಗೆ ಒಂದು ಹಕ್ಕನ್ನೂ ಕೊಟ್ಟಿದೆ: ಸೂಜಿಯ ಪರೀಕ್ಷೆಗೆ ಮೊದಲು ಅದರ ಅಡ್ಡಪರಿಣಾಮಗಳನ್ನು ವಿವರಿಸಿ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ನಿಮಗೆ ಕೊಡಬೇಕು. ಇಂಗ್ಲಿಷ್ ಫಾರಂ ಮುಂದಿಟ್ಟರೆ ಕನ್ನಡದ್ದನ್ನು ಕೇಳಿ ಪಡೆಯಿರಿ.

ಯಾವ ವಾರದಲ್ಲಿ ಏನು ಮಾಡಿಸಿದರೆ ಸಮಯ ಕೈಮೀರುವುದಿಲ್ಲ?

12ನೆಯ ವಾರದಲ್ಲಿ ಎನ್‌ಟಿ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಆದರೆ, ಸಂಶಯವಿದ್ದವರ ಎನ್‌ಐಪಿಟಿ ವರದಿ 14ನೆಯ ವಾರದ ಹೊತ್ತಿಗೆ ಬರುತ್ತದೆ. 16ನೆಯ ವಾರದಲ್ಲಿ ಆಮ್ನಿಯೋಸೆಂಟಿಸಿಸ್ ಆದರೆ ಕ್ಯೂಎಫ್-ಪಿಸಿಆರ್ ಅಥವಾ ಫಿಶ್ ಎಂಬ ತ್ವರಿತ ವಿಧಾನದಿಂದ ಕೆಲವೇ ದಿನಗಳಲ್ಲಿ ಮುಖ್ಯ ಉತ್ತರವೂ, ಕೋಶಗಳನ್ನು ಬೆಳೆಸಿ ನೋಡುವ ಕೇರಿಯೋಟೈಪ್‌ನಿಂದ ಎರಡು ಮೂರು ವಾರಗಳಲ್ಲಿ ಪೂರ್ಣ ಉತ್ತರವೂ ಸಿಗುತ್ತದೆ. 19 ವಾರಕ್ಕೆ ಎಲ್ಲ ಮುಗಿದು ಯೋಚಿಸಲು ಸಮಯ ಉಳಿಯುತ್ತದೆ. ಅದೇ 20ನೆಯ ವಾರದಲ್ಲಿ ಕ್ವಾಡ್ರುಪಲ್‌ನಿಂದ ಶುರುಮಾಡಿದವರಿಗೆ ಖಚಿತ ಉತ್ತರ ಬರುವಾಗ 24 ವಾರ ಬಾಗಿಲಲ್ಲಿ ನಿಂತಿರುತ್ತದೆ.

ಈ 24ರ ಲೆಕ್ಕ ಬಂದದ್ದು 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆಯಿಂದ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ, 20ರಿಂದ 24ರವರೆಗೆ ನಿಗದಿತ ಸಂದರ್ಭಗಳಲ್ಲಿ ಇಬ್ಬರ ಅಭಿಪ್ರಾಯ ಬೇಕು. 24 ದಾಟಿದ ಮೇಲೆ ಮಗುವಿಗೆ ಗಂಭೀರ ದೋಷವಿದೆಯೆಂದು ಮೆಡಿಕಲ್ ಬೋರ್ಡ್ ನಿರ್ಣಯಿಸಿದರೆ ಮಾತ್ರ ಅವಕಾಶ. ವಯಸ್ಕ ಮಹಿಳೆಯ ಒಪ್ಪಿಗೆ ಸಾಕು, ಗಂಡನ ಸಹಿ ಕಾನೂನಿಗೆ ಬೇಕಾಗಿಲ್ಲ.

ಖರ್ಚು ಎಷ್ಟು? ಕರ್ನಾಟಕದಲ್ಲಿ ಎಲ್ಲಿ ಸಲಹೆ ಸಿಗುತ್ತದೆ?

ಡಬಲ್ ಮಾರ್ಕರ್ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ಎನ್‌ಐಪಿಟಿ ಅದರ ಹಲವು ಪಟ್ಟು. ನೆದರ್ಲೆಂಡ್ಸ್ 2017ರಿಂದಲೇ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆಯನ್ನು ಸರ್ಕಾರಿ ವ್ಯವಸ್ಥೆಯೊಳಗೆ ತಂದಿದೆ, ನಮ್ಮಲ್ಲಿ ಬಹುಪಾಲು ಜನ ತಮ್ಮ ಕೈಯಿಂದಲೇ ಕೊಡುತ್ತಿದ್ದಾರೆ. ಎಲ್ಲರೂ ಸಾಲ ಮಾಡಿ ಎನ್‌ಐಪಿಟಿ ಮಾಡಿಸಬೇಕಾಗಿಲ್ಲ. ಒಳ್ಳೆಯ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಮೊದಲು ಮಾಡಿಸಿ, ಫಲಿತಾಂಶ 1:250ರಿಂದ 1:1000ದ ನಡುವೆ ತೂಗಾಡುತ್ತಿದ್ದರೆ ಆಗ ಎನ್‌ಐಪಿಟಿಗೆ ಹಣ ಹಾಕುವುದು ಹೆಚ್ಚಿನ ಮನೆಗಳಿಗೆ ಸರಿಯಾದ ದಾರಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಸ್ಥೆಗಳು.

ಸೂಜಿಯ ಪರೀಕ್ಷೆಯಲ್ಲೂ ಡೌನ್ ಸಿಂಡ್ರೋಮ್ ಖಚಿತವಾದರೆ ಗರ್ಭ ತೆಗೆಸಲೇಬೇಕೇ?

ತೆಗೆಸಲೇಬೇಕು ಎಂದು ಯಾರೂ ನಿಮಗೆ ಹೇಳುವಂತಿಲ್ಲ, ತೆಗೆಸಬಾರದು ಎಂದೂ ಹೇಳುವಂತಿಲ್ಲ. ತೀರ್ಮಾನ ನಿಮ್ಮದು, ಅದಕ್ಕೆ ಬೇಕಾದ ಮಾಹಿತಿ ಕೊಡುವುದು ನಮ್ಮ ಕೆಲಸ. ಸಾಧ್ಯವಾದರೆ, ಡೌನ್ ಸಿಂಡ್ರೋಮ್ ಇರುವ ಮಗುವನ್ನು ಬೆಳೆಸುತ್ತಿರುವ ಒಂದು ಕುಟುಂಬವನ್ನು ಭೇಟಿಯಾಗಿ ಎಂದು ನಾನು ಕೇಳಿಕೊಳ್ಳುತ್ತೇನೆ. ಪುಸ್ತಕದ ಚಿತ್ರ ನೋಡಿ ಬಂದವರಿಗೂ, ಅಂಥ ಮಗು ಚಪ್ಪಲಿ ಹಾಕಿಕೊಳ್ಳಲು ತಾನೇ ಹೆಣಗಿ ಕೊನೆಗೆ ಹಾಕಿಕೊಂಡು ನಕ್ಕದ್ದನ್ನು ನೋಡಿ ಬಂದವರಿಗೂ ಪ್ರಶ್ನೆಗಳೇ ಬದಲಾಗಿರುತ್ತವೆ. ಕಷ್ಟಗಳನ್ನೂ ಆ ತಂದೆತಾಯಿ ಮುಚ್ಚಿಡುವುದಿಲ್ಲ.

ಮುಂದುವರಿಸುವವರಿಗೆ ಮೊದಲೇ ತಿಳಿದದ್ದರಿಂದ ಪ್ರಯೋಜನವಿದೆ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುವುದರಿಂದ ಗರ್ಭದಲ್ಲೇ ಹೃದಯದ ಎಕೋ ಮಾಡಿಸಿ, ಮಕ್ಕಳ ಹೃದ್ರೋಗ ತಜ್ಞರಿರುವ ಆಸ್ಪತ್ರೆಯಲ್ಲಿ ಹೆರಿಗೆಗೆ ಸಿದ್ಧರಾಗಬಹುದು. ಹುಟ್ಟಿದ ಮೇಲೆ ಥೈರಾಯ್ಡ್ ಮತ್ತು ಕಿವಿಯ ಪರೀಕ್ಷೆ, ಮೊದಲ ತಿಂಗಳುಗಳಿಂದಲೇ ಫಿಸಿಯೋಥೆರಪಿ, ಜಿಲ್ಲಾಮಟ್ಟದ ಶೀಘ್ರ ಹಸ್ತಕ್ಷೇಪ ಕೇಂದ್ರಗಳ ನೆರವು ಇವುಗಳಿಂದ ಮಗುವಿನ ಬೆಳವಣಿಗೆಗೆ ನಿಜವಾದ ವ್ಯತ್ಯಾಸ ಆಗುತ್ತದೆ.

ಮುಂದಿನ ಗರ್ಭದಲ್ಲಿ ಮತ್ತೆ ಹೀಗೆಯೇ ಆಗುತ್ತದೆಯೇ?

ಹೆಚ್ಚಾಗಿ ಆಗುವುದಿಲ್ಲ. ಸಾಮಾನ್ಯ ಟ್ರೈಸೋಮಿ ಆಗಿದ್ದರೆ ಮರುಕಳಿಸುವ ಸಾಧ್ಯತೆ ನೂರಕ್ಕೆ ಸುಮಾರು ಒಂದು, ತಾಯಿಯ ವಯಸ್ಸಿನ ಸಾಧ್ಯತೆ ಅದಕ್ಕಿಂತ ಹೆಚ್ಚಿದ್ದರೆ ಅದೇ ಲೆಕ್ಕ. ಆದರೆ ನೂರರಲ್ಲಿ ಮೂರು ನಾಲ್ಕು ಪ್ರಸಂಗಗಳಲ್ಲಿ ಹೆಚ್ಚುವರಿ 21ನೆಯ ವರ್ಣತಂತು ಬೇರೊಂದಕ್ಕೆ ಅಂಟಿಕೊಂಡಿರುತ್ತದೆ, ಮತ್ತು ಅದು ಆರೋಗ್ಯವಂತರಾಗಿಯೇ ಇರುವ ತಾಯಿ ಅಥವಾ ತಂದೆಯಿಂದ ಬಂದಿರಬಹುದು; ಆಗ ಸಾಧ್ಯತೆ ಬಹಳ ಹೆಚ್ಚು. ಯಾವ ಬಗೆ ಎಂಬುದನ್ನು ಎನ್‌ಐಪಿಟಿಯಾಗಲಿ ತ್ವರಿತ ಪರೀಕ್ಷೆಯಾಗಲಿ ಹೇಳಲಾರದು, ಕೇರಿಯೋಟೈಪ್ ಮಾತ್ರ ಹೇಳುತ್ತದೆ. ಹಾಗಾಗಿ ತ್ವರಿತ ಉತ್ತರ ಬಂದಿತೆಂದು ಕೇರಿಯೋಟೈಪ್ ನಿಲ್ಲಿಸಬೇಡಿ. ಅದರ ಮೂಲ ಪ್ರತಿಯನ್ನು ತಾಯಿ ಕಾರ್ಡಿನೊಳಗೆ ಜೋಪಾನವಾಗಿಟ್ಟು, ಮುಂದಿನ ಗರ್ಭ ನಿಂತ ಕೂಡಲೇ, ಹನ್ನೆರಡನೆಯ ವಾರಕ್ಕೆ ಕಾಯದೆ, ವೈದ್ಯರಿಗೆ ತೋರಿಸಿ.